ರಾಗಿ ಬೆಳೆಯ ಹಾಗೆ ಬದುಕುವ ಬೊಂಡಾಸ್

ತುಮಕೂರಿನಲ್ಲಿ ಒಂದು ಭಾನುವಾರ ಸಂಜೆ, ವಿಜ್ಞಾನದಲ್ಲಿ ಆಸಕ್ತಿ ಇರುವ ಗೆಳೆಯರು, ಅವರ ಮನೆಯ ಮಕ್ಕಳು, ಹಿರಿಯರು ಸೇರಿದ್ದ ಕಡೆ ಆಡಿದ ಮಾತು ಇದು. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದು, ಮಿಕ್ಕದ್ದನ್ನು ಹಾಗೇ ಬರೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮುಂಚೆ ಇದನ್ನು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸಿ. ಹುಷಾರು, ತುಂಬಾ ತೆಳು. ಬೆಳಕಿಗೆ ಹಿಡಿದು ನೋಡಿ, ಆಚೆ ಕಡೆ ಕಾಣುತ್ತದೆ. ಪ್ಲಾಸ್ಟಿಕ್ ಅನ್ನಿಸುತ್ತದೆ, ಅಲ್ವಾ? ಹಕ್ಕಿಯ ಗರಿಯ ಆಕಾರ, ನಡುವೆ ಒಂದು ದಿಂಡು, ಎರಡೂ ಕಡೆ ರೆಕ್ಕೆಯ ಹಾಗೆ ಹರಡಿದೆ. ಇದು ಪ್ಲಾಸ್ಟಿಕ್ ಅಲ್ಲ. ಒಂದು ಪ್ರಾಣಿಯ ಬೆನ್ನೊಳಗಿನಿಂದ ನಾನೇ ಎಳೆದು ತೆಗೆದದ್ದು. ಜಿರಲೆಯ ಮೈಮೇಲಿನ ಕವಚ ಯಾವ ವಸ್ತುವಿನಿಂದ ಆಗಿದೆಯೋ, ಅದೇ ಕೈಟಿನ್‌ನಿಂದ ಇದೂ ಆಗಿದೆ. ಓದಿದವರು ಇದನ್ನು ಪೆನ್ ಅಂತಲೇ ಕರೆಯುತ್ತಾರೆ. ಈ ಪ್ರಾಣಿಯ ಹೊಟ್ಟೆಯೊಳಗೆ ಶಾಯಿಯ ಚೀಲವೂ ಇದೆ. ಪೆನ್ನೂ ಶಾಯಿಯೂ ಎರಡನ್ನೂ ಹೊತ್ತುಕೊಂಡು ತಿರುಗುವ ಜೀವಿ. ಹೋಟೆಲಿನ ಮೆನುವಿನಲ್ಲಿ ಕ್ಯಾಲಮಾರಿ ಅಂತ ನೋಡಿರುತ್ತೀರಿ. ಆ ಹೆಸರಿನ ಬೇರು ಹಳೆಯ ಲ್ಯಾಟಿನ್ ಭಾಷೆಯಲ್ಲಿ ಲಾಳಕಡ್ಡಿಯ ಲೇಖನಿಗೆ ಇದ್ದ ಮಾತು.

ಮಂಗಳೂರು, ಉಡುಪಿ ಕಡೆಯವರಿಗೆ ಇದು ಬೊಂಡಾಸ್. ಪುಸ್ತಕದಲ್ಲಿ ಸ್ಕ್ವಿಡ್. ನಾನು ಈ ಸಂಜೆ ಬೊಂಡಾಸ್ ಅಂತಲೇ ಹೇಳುತ್ತೇನೆ. ಹಿಡಿಯುವವರು, ಮಾರುವವರು, ಅಡುಗೆ ಮಾಡುವವರು ಹೇಳುವ ಹೆಸರು ಅದು.

ತುಮಕೂರಿನಲ್ಲಿ ಕೂತು ಸಮುದ್ರದ ಪ್ರಾಣಿಯ ಬಗ್ಗೆ ಯಾಕೆ ಅಂತ ಬಾಗಿಲಲ್ಲೇ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ತುಂಬಾ ವರ್ಷ ಪಿಯುಸಿ ಮಕ್ಕಳಿಗೆ ಪ್ರಾಣಿಶಾಸ್ತ್ರ ಹೇಳಿಕೊಟ್ಟೆ. ನಮ್ಮ ಲ್ಯಾಬಿನಲ್ಲಿ ಗಾಜಿನ ಬಾಟಲಿಯೊಳಗೆ, ಕೊಳೆಯದಂತೆ ಕಾಯುವ ಫಾರ್ಮಲಿನ್ ದ್ರವದಲ್ಲಿ ಮುಳುಗಿದ ಒಂದು ಬೊಂಡಾಸ್ ಇತ್ತು. ಮೇಣದ ಹಾಗೆ ಬಿಳಿ. ಕಣ್ಣು ಕೂಡ ಬೆಳ್ಳಗಾಗಿತ್ತು. ಪ್ರತಿ ವರ್ಷ ಅದನ್ನು ಎತ್ತಿ ತೋರಿಸಿ ‘ಇದು ಮೃದ್ವಂಗಿ, ಎಂಟು ತೋಳು, ಎರಡು ಉದ್ದನೆಯ ತೋಳು, ಬರೆದುಕೊಳ್ಳಿ’ ಅನ್ನುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ನಾನೂ ಅದೇ ಬೊಂಡಾಸ್ ಅಂದುಕೊಂಡಿದ್ದೆ.

ಆಮೇಲೆ ಒಂದು ಸಲ ಮಂಗಳೂರಿನ ನೆಂಟರ ಮನೆಗೆ ಹೋದಾಗ ಬೆಳಿಗ್ಗೆ ಬೇಗ ಎದ್ದು, ಮೀನು ಇಳಿಸುವ ದಕ್ಕೆಗೆ ಹೋದೆ. ಬೋಟುಗಳು ಆಗಷ್ಟೇ ಬಂದಿದ್ದವು. ಒಬ್ಬ ಅಕ್ಕನ ಬುಟ್ಟಿಯಲ್ಲಿ ಬೊಂಡಾಸ್ ರಾಶಿ. ಬಗ್ಗಿ ನೋಡಿದರೆ ಅದರ ಮೈಮೇಲೆ ಕಂದು, ಕೆಂಪು, ನೇರಳೆ ಚುಕ್ಕಿಗಳು. ಸುಮ್ನೆ ಇರುವ ಚುಕ್ಕಿಗಳಲ್ಲ. ಒಂದು ದೊಡ್ಡದಾಗುತ್ತದೆ, ಪಕ್ಕದ್ದು ಚಿಕ್ಕದಾಗುತ್ತದೆ, ಇನ್ನೊಂದು ಕಡೆಯಿಂದ ಬಣ್ಣ ಅಲೆಯ ಹಾಗೆ ಹರಿದು ಬರುತ್ತದೆ. ಪ್ರಾಣಿ ಸತ್ತಿದೆ, ಚರ್ಮ ಮಾತ್ರ ಇನ್ನೂ ಮಿಣುಕುತ್ತಿದೆ. ‘ಇದಕ್ಕೆ ಜೀವ ಉಂಟಾ ಅಕ್ಕಾ?’ ಅಂತ ಕೇಳಿದೆ. ‘ಜೀವ ಹೋಗಿದೆ ಮಾರಾಯ್ರೆ. ಬಣ್ಣ ಹೋಗ್ಲಿಕ್ಕೆ ಸ್ವಲ್ಪ ಹೊತ್ತು ಬೇಕು’ ಅಂದರು.

ಅಷ್ಟು ವರ್ಷ ಮಕ್ಕಳಿಗೆ ನಾನು ಬಣ್ಣ ಹೋದ ಬೊಂಡಾಸ್ ತೋರಿಸಿದ್ದೆ. ಆ ಬೆಳಿಗ್ಗೆಯ ಬುಟ್ಟಿಯೇ ನನ್ನನ್ನು ಈ ಪ್ರಾಣಿಯ ಹಿಂದೆ ಹಚ್ಚಿತು.

ಮೊದಲು ಆ ಬಣ್ಣದ ವಿಷಯ ಮುಗಿಸೋಣ. ಒಂದೊಂದು ಚುಕ್ಕಿಯೂ ಬಣ್ಣ ತುಂಬಿದ ಒಂದು ಪುಟ್ಟ ಚೀಲ. ಅದು ಹಿಗ್ಗುವ ಜಾತಿಯದು. ಅದರ ಸುತ್ತ, ಗಾಡಿ ಚಕ್ರದ ಅರೆಕಾಲುಗಳ ಹಾಗೆ, ಸಣ್ಣ ಸಣ್ಣ ಸ್ನಾಯುಗಳು. ಎಲ್ಲವೂ ಒಟ್ಟಿಗೆ ಎಳೆದರೆ ಚೀಲ ಅಗಲವಾಗಿ ಹರಡುತ್ತದೆ, ಬಣ್ಣ ಕಾಣುತ್ತದೆ. ಬಿಟ್ಟರೆ ಮತ್ತೆ ಸೂಜಿಮೊನೆಯಷ್ಟಾಗುತ್ತದೆ. ಆ ಸ್ನಾಯುಗಳಿಗೆ ಮಿದುಳಿನಿಂದ ನೇರವಾಗಿ ನರ ಬರುತ್ತದೆ. ಹಾಗಾಗಿ ಕ್ಷಣ ಮಾತ್ರದಲ್ಲಿ ಬಣ್ಣ ಬದಲಾಗುತ್ತದೆ. ನಮ್ಮ ಹೊಲದ ಬೇಲಿಯ ಮೇಲಿನ ಗೋಸುಂಬೆಗೆ ಇಷ್ಟು ವೇಗ ಇಲ್ಲ. ಸತ್ತ ಮೇಲೂ ಸ್ವಲ್ಪ ಹೊತ್ತು ಈ ಸ್ನಾಯು ಮತ್ತು ನರದ ತುದಿಗಳು ತಾವಾಗಿಯೇ ಮಿಡಿಯುತ್ತವೆ. ಬುಟ್ಟಿಯಲ್ಲಿ ನಾನು ನೋಡಿದ್ದು ಅದನ್ನು. ಇನ್ನೂ ಒಂದು ಆಶ್ಚರ್ಯ ಇದೆ. ಇಷ್ಟು ಬಣ್ಣ ಆಡುವ ಈ ಬಳಗದ ಬಹುಪಾಲು ಪ್ರಾಣಿಗಳ ಕಣ್ಣಿಗೆ ಬಣ್ಣಗಳ ವ್ಯತ್ಯಾಸ ತಿಳಿಯುವುದಿಲ್ಲ.

ಈಗ ಪ್ರಾಣಿಯ ಪರಿಚಯ. ನಾನು ಹೇಳುತ್ತಿರುವುದು ನಮ್ಮ ಪಶ್ಚಿಮ ಕರಾವಳಿಯ ಬಲೆಗೆ ಜಾಸ್ತಿ ಬೀಳುವ ಜಾತಿ. ವಿಜ್ಞಾನದ ಹೆಸರು ಯುರೋಟ್ಯೂಥಿಸ್ ಡುವೋಸೆಲಿ. ಹಳೆಯ ಪುಸ್ತಕಗಳಲ್ಲಿ ಲೋಲಿಗೋ ಡುವೋಸೆಲಿ ಅಂತ ಇರುತ್ತದೆ. ಡುವೋಸೆಲ್ ಅನ್ನುವವರು ಫ್ರಾನ್ಸಿನವರು. ಪ್ರಾಣಿಗಳನ್ನು ಹುಡುಕಿಕೊಂಡು ನಮ್ಮ ದೇಶಕ್ಕೆ ಬಂದು, 1824ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ಮದ್ರಾಸಿನಲ್ಲಿ ತೀರಿಕೊಂಡರು. 1835ರಲ್ಲಿ ಡಾರ್ಬಿನಿ ಅನ್ನುವ ಇನ್ನೊಬ್ಬ ಫ್ರೆಂಚ್ ವಿಜ್ಞಾನಿ ಈ ಬೊಂಡಾಸ್‌ಗೆ ಅವರ ಹೆಸರಿಟ್ಟರು. ಮಧ್ಯಪ್ರದೇಶದ ಕಾನ್ಹಾ ಕಾಡಿನಲ್ಲಿರುವ ಬಾರಾಸಿಂಘ ಜಿಂಕೆಗೂ ಅವರದೇ ಹೆಸರು ಇದೆ. ಹುಲ್ಲುಗಾವಲಿನ ಜಿಂಕೆಗೂ ಸಮುದ್ರದ ಬೊಂಡಾಸ್‌ಗೂ ಒಂದೇ ಹೆಸರು ಯಾಕೆ ಅಂತ ನನಗೆ ಬಹಳ ದಿನ ಗೊತ್ತಿರಲಿಲ್ಲ.

ಮೈ ಒಂದು ಉದ್ದನೆಯ ಕೊಳವೆ. ಇದನ್ನು ಮ್ಯಾಂಟಲ್ ಅನ್ನುತ್ತಾರೆ. ಹಿಂಬದಿಯಲ್ಲಿ ಎರಡೂ ಕಡೆ ರೆಕ್ಕೆ. ಮುಂದೆ ತಲೆ, ದೊಡ್ಡ ಕಣ್ಣು, ಬಾಯಿಯ ಸುತ್ತ ಎಂಟು ತೋಳು. ಜೊತೆಗೆ ಎರಡು ಉದ್ದನೆಯ ತೋಳುಗಳು ತಟ್ಟನೆ ಚಾಚಿಕೊಳ್ಳುತ್ತವೆ. ಬಲೆಗೆ ಬೀಳುವವು ಸಾಮಾನ್ಯವಾಗಿ ಒಂದು ಗೇಣು, ಅದಕ್ಕಿಂತ ಕಮ್ಮಿ. ಗಂಡು ಹೆಣ್ಣಿಗಿಂತ ಉದ್ದ ಬೆಳೆಯುತ್ತದೆ, 30 ಸೆಂಟಿಮೀಟರ್ ಮುಟ್ಟುವುದೂ ಉಂಟು. ತೋಳಿನ ತುಂಬಾ ಹೀರುಬಟ್ಟಲುಗಳು. ಒಂದೊಂದು ಬಟ್ಟಲಿನ ಅಂಚಿಗೂ ಹಲ್ಲಿರುವ ಗಟ್ಟಿ ಉಂಗುರ. ಬೆರಳು ಒತ್ತಿದರೆ ಚುಚ್ಚುತ್ತದೆ. ಬಾಯಲ್ಲಿ ಗಿಳಿಯ ಕೊಕ್ಕಿನಂಥ ಕೊಕ್ಕು. ಟ್ಯೂನಾ, ಡಾಲ್ಫಿನ್, ಶಾರ್ಕ್‌ಗಳು ಬೊಂಡಾಸನ್ನು ನುಂಗಿದರೆ ಮೈಯೆಲ್ಲ ಅರಗುತ್ತದೆ, ಕೊಕ್ಕು ಮಾತ್ರ ಬೇಗ ಅರಗುವುದಿಲ್ಲ. ಸಂಶೋಧಕರು ಆ ಪ್ರಾಣಿಗಳ ಹೊಟ್ಟೆ ಬಗೆದು ಕೊಕ್ಕು ಎಣಿಸಿ, ಎಷ್ಟು ಬೊಂಡಾಸ್ ತಿಂದಿದೆ ಅಂತ ಲೆಕ್ಕ ಹಾಕುತ್ತಾರೆ.

ಹೃದಯ ಮೂರು. ಎರಡು ಕಿವಿರುಗಳಿಗೆ ರಕ್ತ ತಳ್ಳುತ್ತವೆ, ಒಂದು ಮೈಗೆಲ್ಲ ತಳ್ಳುತ್ತದೆ. ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರ. ಆಮ್ಲಜನಕ ಸೇರಿದಾಗ ನೀಲಿ. ಮಿದುಳು ಉದ್ದಿನ ವಡೆಯ ಆಕಾರ, ನಡುವೆ ತೂತು. ಆ ತೂತಿನೊಳಗಿಂದ ಅನ್ನನಾಳ ಹಾದುಹೋಗುತ್ತದೆ. ತುಂಬಾ ದೊಡ್ಡ ತುತ್ತು ನುಂಗಿದರೆ ಮಿದುಳಿಗೇ ಪೆಟ್ಟು. ಅದಕ್ಕೇ ಕೊಕ್ಕಿನಿಂದ ಚಿಕ್ಕ ಚಿಕ್ಕದಾಗಿ ಕತ್ತರಿಸಿ ತಿನ್ನುತ್ತದೆ.

ನಮ್ಮ ಕಡೆಯವರಿಗೆ ಇದರ ಬಂಧುಗಳು ಗೊತ್ತು. ಮಳೆಗಾಲದಲ್ಲಿ ಕಾಂಪೌಂಡಿನ ಗೋಡೆ ಹತ್ತುವ ಬಸವನಹುಳು ಇದರ ದಾಯಾದಿ. ಕೆರೆಯ ಕೆಸರಿನಲ್ಲಿ ಸಿಗುವ ಕಪ್ಪೆಚಿಪ್ಪೂ ಅಷ್ಟೇ. ಇನ್ನೂ ಹತ್ತಿರದ ಒಂದು ಬಂಧು ಪೇಟೆಯ ಗ್ರಂಧಿಗೆ ಅಂಗಡಿಯಲ್ಲಿದೆ. ‘ಸಮುದ್ರದ ನೊರೆ’ ಅಂತ ಕೇಳಿ, ಬಿಳಿಯ, ಹಗುರವಾದ, ದೋಣಿಯಾಕಾರದ ಒಂದು ತುಂಡು ಕೊಡುತ್ತಾರೆ. ಗಿಳಿ ಸಾಕುವವರು ಪಂಜರದಲ್ಲಿ ಸಿಕ್ಕಿಸುವುದೂ ಅದನ್ನೇ. ಅದು ನೊರೆಯಲ್ಲ. ಬೊಂಡಾಸ್‌ನ ಹತ್ತಿರದ ಸಂಬಂಧಿ ಕಟ್ಲ್‌ಫಿಶ್‌ನ ಬೆನ್ನೊಳಗಿನ ಚಿಪ್ಪು. ಬಸವನಹುಳು ಚಿಪ್ಪನ್ನು ಬೆನ್ನ ಮೇಲೆ ಹೊತ್ತಿತು. ಕಟ್ಲ್‌ಫಿಶ್ ಒಳಗೆ ಇಟ್ಟುಕೊಂಡಿತು. ಬೊಂಡಾಸ್ ಅದನ್ನು ಸವೆಸಿ ಸವೆಸಿ, ನಿಮ್ಮ ಕೈಯಲ್ಲಿರುವ ಆ ತೆಳು ಗರಿಯಷ್ಟು ಮಾಡಿಕೊಂಡಿತು. ಭಾರ ಕಳೆದದ್ದಕ್ಕೆ ವೇಗ ಸಿಕ್ಕಿತು.

ಆ ವೇಗದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಆಸ್ಪತ್ರೆಗಳವರೆಗೂ ಬರುವ ಕಥೆ ಅದು.

ಬೊಂಡಾಸ್ ಮ್ಯಾಂಟಲ್ ಒಳಗೆ ನೀರು ತುಂಬಿಕೊಂಡು, ಕತ್ತಿನ ಕೆಳಗಿರುವ ಒಂದು ಕೊಳವೆಯಿಂದ ಜೋರಾಗಿ ಚಿಮ್ಮಿಸುತ್ತದೆ. ನೀರು ಮುಂದಕ್ಕೆ ಹೋದರೆ ಮೈ ಹಿಂದಕ್ಕೆ ಹಾರುತ್ತದೆ. ಗಾಳಿ ತುಂಬಿದ ಬಲೂನಿನ ಬಾಯಿ ಬಿಟ್ಟ ಹಾಗೆ. ಆದರೆ ಒಂದು ತೊಂದರೆ ಇದೆ. ಮ್ಯಾಂಟಲ್ ಉದ್ದ. ಅಪ್ಪಣೆ ಹೊರಡುವ ಜಾಗ ತಲೆಯ ಹತ್ತಿರ. ಹತ್ತಿರದ ಸ್ನಾಯು ಮೊದಲು ಹಿಂಡಿ, ದೂರದ ಸ್ನಾಯು ಆಮೇಲೆ ಹಿಂಡಿದರೆ ಚಿಮ್ಮುವ ಬಲ ಹೋಯಿತು. ಎಲ್ಲವೂ ಒಂದೇ ಸಲ ಹಿಂಡಬೇಕು. ಬೊಂಡಾಸ್ ಇದಕ್ಕೆ ಕಂಡುಕೊಂಡ ದಾರಿ ನನಗೆ ತುಂಬಾ ಇಷ್ಟ. ನರ ದಪ್ಪ ಇದ್ದಷ್ಟೂ ಅದರಲ್ಲಿ ಸುದ್ದಿ ಬೇಗ ಹೋಗುತ್ತದೆ. ಹಾಗಾಗಿ ದೂರದ ಸ್ನಾಯುವಿಗೆ ದಪ್ಪ ನರ, ಹತ್ತಿರದ್ದಕ್ಕೆ ಸಣ್ಣ ನರ. ದೂರ ಹೋಗಬೇಕಾದ ಸುದ್ದಿ ಜೋರಾಗಿ ಓಡುತ್ತದೆ, ಹತ್ತಿರದ್ದು ನಿಧಾನ. ಎರಡೂ ಹೆಚ್ಚು ಕಮ್ಮಿ ಒಟ್ಟಿಗೇ ಮುಟ್ಟುತ್ತವೆ.

ಈ ದಪ್ಪ ನರದ ಒಂದೇ ಎಳೆ ಕೆಲವು ಜಾತಿಗಳಲ್ಲಿ ಅರ್ಧದಿಂದ ಒಂದು ಮಿಲಿಮೀಟರ್ ಇರುತ್ತದೆ. ಬರಿಗಣ್ಣಿಗೆ ಕಾಣುತ್ತದೆ. ನಮ್ಮ ಮೈಯ ನರದೆಳೆಗಳು ಅದರ ಮುಂದೆ ಏನೇನೂ ಅಲ್ಲ, ಕೂದಲಿಗಿಂತ ಎಷ್ಟೋ ಸಣ್ಣ. 1930ರ ದಶಕದಲ್ಲಿ ಜೆ. ಝಡ್. ಯಂಗ್ ಅನ್ನುವ ಬ್ರಿಟನ್ನಿನ ಪ್ರಾಣಿಶಾಸ್ತ್ರಜ್ಞರು ಇದು ರಕ್ತನಾಳವಲ್ಲ, ನರ ಅಂತ ತೋರಿಸಿಕೊಟ್ಟರು. 1939ರಲ್ಲಿ ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರೂ ಹಕ್ಸ್‌ಲಿ, ಇಂಗ್ಲೆಂಡಿನ ಪ್ಲಿಮತ್ ಊರಿನ ಸಮುದ್ರ ಪ್ರಯೋಗಾಲಯದಲ್ಲಿ, ಆ ಎಳೆಯೊಳಗೆ ಸಣ್ಣ ತಂತಿ ಇಳಿಸಿ ಸುದ್ದಿ ಹರಿಯುವಾಗಿನ ವಿದ್ಯುತ್ತನ್ನು ಅಳೆದರು. ನಡುವೆ ಯುದ್ಧ ಬಂತು, ಕೆಲಸ ನಿಂತಿತು. 1952ರಲ್ಲಿ ಸೋಡಿಯಂ ಒಳಗೆ ಬರುವುದು, ಪೊಟ್ಯಾಸಿಯಂ ಆಚೆ ಹೋಗುವುದು, ಇದರಿಂದಲೇ ನರದಲ್ಲಿ ಸುದ್ದಿ ಹರಿಯುತ್ತದೆ ಅಂತ ಪೂರ್ತಿ ಲೆಕ್ಕದ ಸಮೇತ ಬರೆದರು. 1963ರಲ್ಲಿ ಜಾನ್ ಎಕ್ಲ್ಸ್ ಅವರ ಜೊತೆ ಇಬ್ಬರಿಗೂ ನೊಬೆಲ್ ಬಂತು. ಹಲ್ಲು ಕೀಳುವಾಗ ಡಾಕ್ಟರು ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರಲ್ಲ, ಅದು ತಡೆಯುವುದು ಸೋಡಿಯಂ ಒಳಗೆ ಬರುವ ಇದೇ ಬಾಗಿಲನ್ನು. ಆ ಬಾಗಿಲ ಕೆಲಸ ಮನುಷ್ಯರಿಗೆ ಮೊದಲು ಚೆನ್ನಾಗಿ ಅರ್ಥವಾದದ್ದು ಬೊಂಡಾಸ್ ಬಳಗದ ನರದಲ್ಲಿ.

ಇನ್ನು ಇದು ಎಲ್ಲಿ ಬದುಕುತ್ತದೆ ಅನ್ನುವುದಕ್ಕೆ ಬರೋಣ.

ಕೆಂಪು ಸಮುದ್ರ, ಆಫ್ರಿಕಾದ ಪೂರ್ವ ದಂಡೆಯಿಂದ ಹಿಡಿದು ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿ, ದಕ್ಷಿಣ ಚೀನಾ ಸಮುದ್ರದವರೆಗೆ ಇದರ ಸೀಮೆ. ತುಂಬಾ ಆಳದ ನೀರಿನ ಪ್ರಾಣಿಯಲ್ಲ. ದಂಡೆಯಿಂದ ನಿಧಾನವಾಗಿ ಇಳಿಜಾರಾಗುವ ಸಮುದ್ರದ ತಳ ಇರುತ್ತದಲ್ಲ, ಅಲ್ಲಿ ಹೆಚ್ಚಾಗಿ 30ರಿಂದ 170 ಮೀಟರ್ ಆಳದೊಳಗೆ ಇರುತ್ತದೆ. ಹಗಲು ತಳದ ಹತ್ತಿರ, ರಾತ್ರಿ ಮೇಲಿನ ನೀರಿಗೆ. ಹಗಲು ತಳ ಗೋರುವ ಟ್ರಾಲ್ ಬಲೆಗೆ ಸಿಗುವುದು, ರಾತ್ರಿ ದೀಪದ ಹತ್ತಿರ ಸೇರುವುದು, ಎರಡಕ್ಕೂ ಇದೇ ಕಾರಣ. ಸುಮ್ಮನೆ ನಿಂತರೆ ಇದು ಮುಳುಗುತ್ತದೆ. ಮೈ ನೀರಿಗಿಂತ ಭಾರ, ಮೀನಿನ ಹಾಗೆ ಗಾಳಿಚೀಲ ಇಲ್ಲ. ಹಗಲೂ ರಾತ್ರಿ ರೆಕ್ಕೆ ಆಡಿಸುತ್ತಲೇ ಇರಬೇಕು. ಹಾಗಾಗಿ ಹಸಿವೂ ಜಾಸ್ತಿ. ಮೀನು, ಸೀಗಡಿ, ಕೊನೆಗೆ ತನ್ನದೇ ಜಾತಿಯ ಚಿಕ್ಕವನ್ನೂ ಬಿಡುವುದಿಲ್ಲ.

ಈ ಜಾತಿಗೆ ಶಾಯಿಚೀಲದ ಎರಡೂ ಪಕ್ಕ ಒಂದೊಂದು ಬೆಳಕಿನ ಅಂಗ ಇದೆ. ಅದರೊಳಗೆ ಮಿನುಗುವ ಬ್ಯಾಕ್ಟೀರಿಯಾಗಳು ಬಾಡಿಗೆಗಿವೆ. ಮೇಲಿನಿಂದ ಬೆಳದಿಂಗಳು ಬೀಳುವಾಗ ಕೆಳಗಿರುವ ಶತ್ರುವಿಗೆ ಇದರ ಮೈ ಕಪ್ಪು ನೆರಳಾಗಿ ಕಾಣಬೇಕು. ಹೊಟ್ಟೆಯ ಕಡೆಯಿಂದ ಮಂದವಾಗಿ ಬೆಳಗಿದರೆ ಆ ನೆರಳು ಅಳಿಸಿಹೋಗುತ್ತದೆ. ಇಂಥ ಬೆಳಕಿನ ಕೆಲಸವನ್ನು ವಿಜ್ಞಾನಿಗಳು ವಿವರಿಸುವುದು ಹೀಗೆ.

ಗಾಳಿಯ ವಿಷಯದಲ್ಲಿ ನಮಗೂ ಅದಕ್ಕೂ ಒಂದು ನಂಟಿದೆ. ಮುಂಗಾರಿನ ಗಾಳಿ ಕೇರಳ, ಕರ್ನಾಟಕದ ದಂಡೆಯ ಉದ್ದಕ್ಕೂ ಬೀಸುವಾಗ ಮೇಲಿನ ನೀರನ್ನು ದಂಡೆಯಿಂದ ಆಚೆಗೆ ಸರಿಸುತ್ತದೆ. ಆ ಜಾಗ ತುಂಬಲು ಕೆಳಗಿನಿಂದ ತಣ್ಣನೆಯ, ಗೊಬ್ಬರದಂಥ ಸಾರ ತುಂಬಿದ ನೀರು ಮೇಲಕ್ಕೆ ಬರುತ್ತದೆ. ಬಿಸಿಲಿಗೆ ಬಂದ ಆ ನೀರಿನಲ್ಲಿ ಕಣ್ಣಿಗೆ ಕಾಣದ ಹಸಿರು ಜೀವಿಗಳು ಹುಲುಸಾಗಿ ಬೆಳೆಯುತ್ತವೆ. ಅದನ್ನು ತಿನ್ನುವ ಹುಳುಹುಪ್ಪಟೆ, ಅದನ್ನು ತಿನ್ನುವ ಬೂತಾಯಿ, ಬಂಗುಡೆ, ಅವುಗಳ ಮರಿಯನ್ನು ತಿನ್ನುವ ಬೊಂಡಾಸ್. ಅದೇ ಗಾಳಿ ಘಟ್ಟ ಹತ್ತಿ, ಆಗುಂಬೆಯಲ್ಲಿ ಮಳೆ ಸುರಿಸಿ, ಬರಿಗೈಯಲ್ಲಿ ನಮ್ಮ ಕಡೆ ಬರುತ್ತದೆ. ಪಾವಗಡ, ಶಿರಾ, ಮಧುಗಿರಿಯವರು ಆಷಾಢದಲ್ಲಿ ಮೈಗೆ ತಾಗಿಸಿಕೊಳ್ಳುವ ಆ ಒಣ ಗಾಳಿ, ಸಮುದ್ರದಲ್ಲಿ ಬಿತ್ತನೆ ಮುಗಿಸಿ ಬಂದ ಗಾಳಿ.

ಬಿತ್ತನೆ ಅಂದೆ. ನಾನು ಮುಖ್ಯವಾಗಿ ಹೇಳಬೇಕು ಅಂತ ಬಂದದ್ದು ಇದನ್ನೇ.

ಬೊಂಡಾಸ್‌ನ ವಯಸ್ಸು ಎಷ್ಟು? ಮೊದಲೆಲ್ಲ ಉದ್ದ ಅಳೆದು, ತಿಂಗಳು ತಿಂಗಳು ಹೋಲಿಸಿ, ಎರಡು ಮೂರು ವರ್ಷ ಬದುಕಬಹುದು ಅಂದುಕೊಂಡಿದ್ದರು. ಆಮೇಲೆ ಅದರ ತಲೆಯೊಳಗಿನ ಒಂದು ಕಲ್ಲನ್ನು ನೋಡಲು ಕಲಿತರು. ಮೇಲೆ ಯಾವುದು, ಕೆಳಗೆ ಯಾವುದು ಅಂತ ಪ್ರಾಣಿಗೆ ಗೊತ್ತಾಗುವುದು ಈ ಕಲ್ಲಿನಿಂದ. ಸ್ಟ್ಯಾಟೋಲಿತ್ ಅಂತ ಹೆಸರು. ಗಾತ್ರ ಹೆಚ್ಚು ಕಮ್ಮಿ ಒಂದು ರಾಗಿ ಕಾಳು. ಅದನ್ನು ನವಿರಾಗಿ ಉಜ್ಜಿ ಮೈಕ್ರೋಸ್ಕೋಪಿನ ಕೆಳಗಿಟ್ಟರೆ, ಕಡಿದ ಮರದ ದಿಂಡಿನಲ್ಲಿ ಕಾಣುವಂಥ ಬಳೆಗಳು ಕಾಣುತ್ತವೆ. ಮರದಲ್ಲಿ ವರ್ಷಕ್ಕೊಂದು ಬಳೆ. ಇದರಲ್ಲಿ ದಿನಕ್ಕೊಂದು. ಎಣಿಸಿ ನೋಡಿದಾಗ ಹಳೆಯ ಲೆಕ್ಕ ಬಿದ್ದುಹೋಯಿತು. ಇದರ ಇಡೀ ಬದುಕು ಸುಮಾರು ಒಂದು ವರ್ಷ, ಸ್ವಲ್ಪ ಆಚೀಚೆ.

ಒಂದು ವರ್ಷದಲ್ಲಿ ಎಲ್ಲ ಆಗಬೇಕು. ಕೆಲವೇ ಮಿಲಿಮೀಟರ್ ಮರಿ ಒಂದು ಗೇಣಾಗಬೇಕು. ಬೇಟೆ ಕಲಿಯಬೇಕು. ಅಪ್ಪ ಅಮ್ಮ ಕಲಿಸುವುದಿಲ್ಲ, ಅವು ಇರುವುದೇ ಇಲ್ಲ. ಜೋಡಿ ಸೇರಬೇಕು. ಗಂಡಿನ ಒಂದು ತೋಳು, ಎಡಗಡೆಯ ಕೆಳಗಿನದು, ಇದಕ್ಕೆಂದೇ ಬೇರೆ ರೀತಿ ಬೆಳೆದಿರುತ್ತದೆ. ಬೀಜದ ಪೊಟ್ಟಣವನ್ನು ಆ ತೋಳಿನಿಂದ ಹೆಣ್ಣಿಗೆ ದಾಟಿಸುತ್ತದೆ. ಹೆಣ್ಣು ಮೊಟ್ಟೆಗಳನ್ನು ಬೆರಳಿನಂಥ ಲೋಳೆಯ ಕೋಶಗಳಲ್ಲಿ ತುಂಬಿ, ಸಮುದ್ರದ ತಳಕ್ಕೆ ಗೊಂಚಲಾಗಿ ಅಂಟಿಸುತ್ತದೆ. ಒಂದೊಂದು ಬೆರಳಿನಲ್ಲೂ ಹತ್ತಾರು ಮೊಟ್ಟೆ. ಇಷ್ಟಾದ ಮೇಲೆ ಪ್ರಾಣಿ ಸೋತು ಸಾಯುತ್ತದೆ. ಮರಿ ಮೊಟ್ಟೆ ಒಡೆದು ಬರುವಾಗಲೇ ಪುಟ್ಟ ಬೊಂಡಾಸ್ ಆಗಿಯೇ ಬರುತ್ತದೆ, ಬಣ್ಣದ ಚುಕ್ಕಿ, ಶಾಯಿ ಎಲ್ಲದರ ಸಮೇತ.

ತಿಪಟೂರು ಕಡೆಯವರು ಇಲ್ಲಿ ಇದ್ದೀರಿ, ನಿಮಗೆ ತೆಂಗು ಗೊತ್ತು. ತೆಂಗಿನ ತೋಟದಲ್ಲಿ ಒಂದು ವರ್ಷ ಮಳೆ ಕೈಕೊಟ್ಟರೆ ಇಳುವರಿ ಕಮ್ಮಿಯಾಗುತ್ತದೆ, ಮರ ಇರುತ್ತದೆ. ದೊಡ್ಡ ಶಾರ್ಕ್, ದೊಡ್ಡ ಮುರು ಮೀನು ಹಾಗೆ. ಹತ್ತಾರು ವರ್ಷ ಬದುಕುತ್ತವೆ. ಕಡಿದರೆ ಮತ್ತೆ ಬರುವುದಕ್ಕೆ ಕಾಲ ಬೇಕು, ಆದರೆ ಒಂದು ಕೆಟ್ಟ ವರ್ಷವನ್ನು ತಡೆಯುತ್ತವೆ. ಬೊಂಡಾಸ್ ತೆಂಗಲ್ಲ, ರಾಗಿ. ಈ ವರ್ಷದ ಬೆಳೆಯೇ ಮುಂದಿನ ವರ್ಷದ ಬೀಜ. ಹಿಂದಿನ ವರ್ಷದ್ದು ಅಂತ ಸಮುದ್ರದಲ್ಲಿ ಯಾವ ಮುದಿ ಬೊಂಡಾಸೂ ಉಳಿದಿರುವುದಿಲ್ಲ. ನಮ್ಮ ಅಜ್ಜಿ ಕಣದಲ್ಲಿ ಒಳ್ಳೆಯ ತೆನೆ ಆರಿಸಿ, ಬೇರೆ ಕಟ್ಟಿ, ಒಲೆಯ ಮೇಲಿನ ತೊಲೆಗೆ ನೇತುಹಾಕುತ್ತಿದ್ದರು. ಮನೆಯಲ್ಲಿ ಹಿಟ್ಟು ಮುಗಿದರೂ ಆ ತೆನೆಗೆ ಕೈ ಹಾಕುವಂತಿಲ್ಲ. ಸಮುದ್ರದಲ್ಲಿ ಆ ತೊಲೆ ಇಲ್ಲ. ನೀರಿನಲ್ಲಿ ಓಡಾಡುತ್ತಿರುವುದೇ ಬೀಜ, ಅದೇ ಊಟ.

ಹೋಲಿಕೆ ಪೂರ್ತಿ ಸರಿಹೊಂದುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ರಾಗಿಗೆ ಹದ ಒಂದೇ. ಬೊಂಡಾಸ್ ವರ್ಷವಿಡೀ ಮೊಟ್ಟೆ ಇಡುತ್ತದೆ, ಕೆಲವು ತಿಂಗಳಲ್ಲಿ ಜಾಸ್ತಿ, ಕೆಲವು ತಿಂಗಳಲ್ಲಿ ಕಮ್ಮಿ. ಯಾವ ತಿಂಗಳು ನೋಡಿದರೂ ಒಂದು ತಂಡ ಮರಿ, ಒಂದು ತಂಡ ಹರೆಯ, ಒಂದು ತಂಡ ಮೊಟ್ಟೆಯಿಡುವ ಹೊತ್ತು. ಬೇಗ ಬೆಳೆಯುತ್ತದೆ, ಬೇಗ ಮೊಟ್ಟೆಯಿಡುತ್ತದೆ. ಹಾಗಾಗಿ ಒಂದು ತಂಡ ಹಾಳಾದರೂ ಇನ್ನೊಂದು ಕೈ ಹಿಡಿಯಬಹುದು. ಅದೇ ಇದನ್ನು ಇಷ್ಟು ಹಿಡಿದರೂ ಉಳಿಸಿರುವ ಗುಣ. ಆದರೆ ಮೊಟ್ಟೆಯಿಡುವ ಮುಂಚೆಯೇ ಮರಿಗಳನ್ನು ಬಾಚಿದರೆ ಯಾವ ಗುಣವೂ ಕಾಯುವುದಿಲ್ಲ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಇದು ಒಳ್ಳೆಯ ನಿಯಮ, ಬೋಟಿನವರೇ ಎಷ್ಟೋ ಜನ ಹಾಗೆ ಹೇಳುತ್ತಾರೆ. ಉಳಿದ ಹತ್ತು ತಿಂಗಳಲ್ಲಿ ಮುಖ್ಯವಾಗುವುದು ಬಲೆಯ ಕಣ್ಣು. ಟ್ರಾಲ್ ಬಲೆಯ ತುದಿಯ ಚೀಲದ ಕಣ್ಣು ವಜ್ರಾಕಾರ ಇದ್ದರೆ, ಎಳೆಯುವಾಗ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಬೆರಳುದ್ದದ ಮರಿಯೂ ಆಚೆ ಹೋಗಲಾರದು. ಚೌಕ ಕಣ್ಣಿದ್ದರೆ ಎಳೆದರೂ ತೆರೆದೇ ಇರುತ್ತದೆ, ಮರಿ ಜಾರಿಕೊಳ್ಳುತ್ತದೆ. ಬಲೆ ಜೋಡಿಸುವ ರೀತಿಯಲ್ಲಿ ಇಷ್ಟು ಸಣ್ಣ ಬದಲಾವಣೆ. ನಮ್ಮ ಮೀನುಗಾರಿಕೆ ವಿಜ್ಞಾನಿಗಳು ಬಹಳ ವರ್ಷಗಳಿಂದ ಇದನ್ನು ಹೇಳುತ್ತಿದ್ದಾರೆ. ಪ್ರಖರ ಎಲ್‌ಇಡಿ ದೀಪ ಹಾಕಿ ರಾತ್ರಿ ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ಬೆಳಕಿಗೆ ದೊಡ್ಡದು ಚಿಕ್ಕದು ಅನ್ನದೆ ಎಲ್ಲ ಸೇರುತ್ತವೆ. ನಾಡದೋಣಿಯವರ ಪಾಲಿಗೆ ಏನೂ ಉಳಿಯುವುದಿಲ್ಲ. ಅವರ ಸಿಟ್ಟು ನ್ಯಾಯವಾದದ್ದು ಅಂತ ನನ್ನ ಅಭಿಪ್ರಾಯ.

ತೆಂಗಿನ ವಿಷಯ ಬಂತು, ಇನ್ನೊಂದು ಹೇಳುತ್ತೇನೆ. ಕಾಯಿ ಕಿತ್ತ ಮೇಲೆ ಉಳಿಯುವ ಒಣ ಗೊನೆ ಇರುತ್ತದಲ್ಲ, ನಾವು ಒಲೆಗೆ ಹಾಕುತ್ತೇವೆ. ಕರಾವಳಿಯಲ್ಲಿ ಅದನ್ನು ಕಟ್ಟಿ, ಮರಳಿನ ಚೀಲದ ಭಾರ ಕೊಟ್ಟು ಸಮುದ್ರಕ್ಕೆ ಇಳಿಸುವ ಒಂದು ಪದ್ಧತಿ ಬೆಳೆಯಿತು. ಕಟ್ಲ್‌ಫಿಶ್‌ಗೆ ಮೊಟ್ಟೆ ಅಂಟಿಸಲು ಅಂಥ ಕಡ್ಡಿ ಬೇಕು. ಹುಡುಕಿಕೊಂಡು ಬರುತ್ತದೆ. ಬಂದದ್ದನ್ನು ಗಾಳದಿಂದ ಹಿಡಿಯುತ್ತಾರೆ. ಬರುವವೆಲ್ಲ ಮೊಟ್ಟೆಯಿಡಲು ಸಿದ್ಧವಾದ ದೊಡ್ಡವೇ. ಮೇಲೆತ್ತುವ ಗೊನೆಯ ಜೊತೆ ಅಂಟಿಸಿದ ಮೊಟ್ಟೆಯೂ ಬಂದುಬಿಡುತ್ತದೆ. ಹೆರಿಗೆಗೆ ಬಂದವರನ್ನು ಬಾಗಿಲಲ್ಲಿ ಹಿಡಿದ ಹಾಗೆ. ಕೇಳಿದಾಗ ನನಗೆ ಸಂಕಟವಾಯಿತು.

ಇಷ್ಟಕ್ಕೆ ನಿಲ್ಲಿಸಿ, ನಿಮ್ಮ ಪ್ರಶ್ನೆ ಕೇಳಿ ಅಂದೆ.

ಗುಬ್ಬಿ ಕಡೆಯ ಒಬ್ಬ ರೈತರು ಎದ್ದರು. ‘ಸಾರ್, ಕೆರೆಯಲ್ಲಿ ಕಾಟ್ಲಾ, ರೋಹು ಬಿಟ್ಟ ಹಾಗೆ ಇದನ್ನ ಬಿಡಕಾಗಲ್ವಾ? ಹೇಮಾವತಿ ನೀರು ಬಂದಾಗ ಕೆರೆ ತುಂಬಿರುತ್ತೆ.’

ಆಗುವುದಿಲ್ಲ. ಬಸವನಹುಳು ಸಿಹಿನೀರಿಗೆ ಬಂತು, ಕಪ್ಪೆಚಿಪ್ಪು ಬಂತು. ಬೊಂಡಾಸ್, ಕಟ್ಲ್‌ಫಿಶ್, ಆಕ್ಟೋಪಸ್ ಸೇರಿದ ಈ ಗುಂಪಿನಲ್ಲಿ ಜಗತ್ತಿನಲ್ಲಿ 800ಕ್ಕೂ ಹೆಚ್ಚು ಜಾತಿಗಳಿವೆ. ಒಂದೇ ಒಂದು ಜಾತಿಯೂ ಸಿಹಿನೀರಿನಲ್ಲಿಲ್ಲ. ಇದರ ಮೈಯೊಳಗಿನ ರಸ ಸಮುದ್ರದ ನೀರಿನಷ್ಟೇ ಉಪ್ಪು. ಸಿಹಿನೀರಿಗೆ ಬಿಟ್ಟರೆ ಮೈ ನೀರು ಎಳೆದುಕೊಳ್ಳುತ್ತದೆ, ಉಪ್ಪು ಸೋರಿಹೋಗುತ್ತದೆ. ಅದನ್ನು ಹಿಡಿದಿಡುವ ಏರ್ಪಾಡು ಅದಕ್ಕಿಲ್ಲ. ಬೇಗ ಸಾಯುತ್ತದೆ. ಸಮುದ್ರದ ನೀರಿನಲ್ಲಿ ಸಾಕುವುದೂ ಕಷ್ಟ. ಮರಿಗಳಿಗೆ ಜೀವಂತ ಆಹಾರವೇ ಬೇಕು. ತೊಟ್ಟಿಯ ಗೋಡೆಗೆ ಡಿಕ್ಕಿ ಹೊಡೆದರೆ ಆ ತೆಳು ಚರ್ಮ ಹರಿದು ಗಾಯವಾಗುತ್ತದೆ.

ಒಬ್ಬ ಹೈಸ್ಕೂಲು ಹುಡುಗಿ ಕೇಳಿದಳು: ‘ಮೇಲೆ ಎತ್ತಿದಾಗ ಅದಕ್ಕೆ ನೋವಾಗುತ್ತಾ?’

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಗೊತ್ತಿರುವುದನ್ನು ಹೇಳುತ್ತೇನಮ್ಮ. ಗಾಯವಾದಾಗ ಎಚ್ಚರಿಸುವ ನರಗಳು ಅದಕ್ಕೆ ಇವೆ. ಅಟ್ಲಾಂಟಿಕ್‌ನ ಒಂದು ಜಾತಿಯ ಮೇಲೆ ನಡೆದ ಅಧ್ಯಯನ 2014ರಲ್ಲಿ ಬಂತು. ತೋಳಿಗೆ ಸಣ್ಣ ಗಾಯವಾದ ಬೊಂಡಾಸ್, ಬೇಟೆಯಾಡಲು ಬರುವ ಮೀನು ದೂರದಲ್ಲಿರುವಾಗಲೇ ತಪ್ಪಿಸಿಕೊಳ್ಳಲು ಶುರು ಮಾಡುತ್ತಿತ್ತು. ಗಾಯ ಮಾಡುವ ಹೊತ್ತಿಗೆ ಅರಿವಳಿಕೆ ಕೊಟ್ಟರೆ ಆ ಎಚ್ಚರ ಬರುತ್ತಿರಲಿಲ್ಲ, ಬೇಟೆಗೆ ಸುಲಭವಾಗಿ ಸಿಗುತ್ತಿತ್ತು. ಗಾಯದ ಅರಿವು ಅದನ್ನು ಕಾಪಾಡುತ್ತಿತ್ತು. ಬ್ರಿಟನ್ 2022ರಲ್ಲಿ ಮಾಡಿದ ಕಾನೂನಿನಲ್ಲಿ ಈ ಗುಂಪನ್ನು ಅನುಭವ ಇರುವ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ನನಗೂ ಅದು ಸರಿ ಅನ್ನಿಸುತ್ತದೆ.

ಕೊನೆಗೆ ಒಬ್ಬ ಚಿಕ್ಕ ಹುಡುಗ. ಏಳನೇ ಕ್ಲಾಸಂತೆ. ಆ ಪೆನ್ ಅವನ ಕೈಯಲ್ಲೇ ನಿಂತುಬಿಟ್ಟಿತ್ತು, ಮುಂದಿನವರಿಗೆ ದಾಟಿಸಿರಲಿಲ್ಲ. ‘ನಿಮ್ಮ ಬಾಟಲಿಯಲ್ಲಿ ಬೆಳ್ಳಗಿರೋದು ಇತ್ತಲ್ಲ ಸಾರ್, ಅದಕ್ಕೆ ಎಷ್ಟು ದಿನ ವಯಸ್ಸು? ಅದರ ತಲೇಲೂ ಕಲ್ಲು ಇರುತ್ತಲ್ಲ, ಎಣಿಸಬಹುದಲ್ವಾ?’

ಇಷ್ಟು ವರ್ಷದಲ್ಲಿ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಎಣಿಸಲು ಆಗುವುದಿಲ್ಲ ಪುಟ್ಟಾ ಅಂದೆ. ಆ ಕಲ್ಲು ಸುಣ್ಣದ್ದು. ಫಾರ್ಮಲಿನ್ ಹಳೆಯದಾದ ಹಾಗೆ ಹುಳಿಯಾಗುತ್ತದೆ. ನಿಂಬೆರಸದಲ್ಲಿ ಮೊಟ್ಟೆಯ ಚಿಪ್ಪು ಕರಗುವ ಹಾಗೆ ಆ ಕಲ್ಲು ಕರಗಿಹೋಗುತ್ತದೆ. ಬಳೆಗಳನ್ನು ಎಣಿಸಬೇಕು ಅಂದರೆ ಪ್ರಾಣಿ ತಾಜಾ ಇರುವಾಗಲೇ ಕಲ್ಲು ತೆಗೆದು, ಬೇರೆ ಇಡಬೇಕು.

‘ಹಂಗಾದ್ರೆ ಮುಂದಿನ ಸಲ ದಕ್ಕೆಗೆ ಹೋದಾಗ ಒಂದು ಕಲ್ಲು ತಂದುಕೊಡಿ’ ಅಂದ. ತರುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಪೆನ್ನನ್ನು ಅವನೇ ಇಟ್ಟುಕೊಂಡಿದ್ದಾನೆ.